ಸ್ಟೀನ್‌ವೋರ್, ಬರೆಯುವವನ ಎದುರು

ಐಸ್‌ಲ್ಯಾಂಡ್. ಬಾಯಲ್ಲಿದ್ದ ಕಾನೂನು ತೊಗಲಿಗಿಳಿದ ಚಳಿಗಾಲ.

ಬರೆದುಕೋ ಪಾದ್ರಿ, ಮಸಿ ಹೆಪ್ಪುಗಟ್ಟುವ ಮೊದಲು.
ಮೂವರು ಪಂಡಿತರ ಬಾಯಲ್ಲಿ ಮೂರು ಪಾಠ ಬಂತೆಂದು
ಕಡೆಗೆ ಇಲ್ಲಿಗೆ ಕಳಿಸಿದ್ದಾರೆ ನಿನ್ನನ್ನು,
ಹಾಲು ಕರೆಯುವ ಮುದುಕಿಯ ಬಳಿಗೆ.

ಇಪ್ಪತ್ತು ಬೇಸಿಗೆ ಬಂಡೆ ಹತ್ತಿ ನಿಂತು
ಕಾನೂನು ಹೇಳಿದವನು ನನ್ನಪ್ಪ.
ಮೂರು ವರ್ಷಕ್ಕೊಮ್ಮೆ ಮುಗಿಯುತ್ತಿತ್ತು
ಇಡೀ ನಾಡಿನ ನ್ಯಾಯ, ಒಂದು ನಾಲಗೆಯ ಮೇಲೆ.

ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಅಭ್ಯಾಸ.
ಎರಡು ಮೊಲೆ ಬರಿದಾಗುವಷ್ಟರಲ್ಲಿ ಒಂದು ಕಲಮು.
ತೇಲಿಬಂದ ತಿಮಿಂಗಿಲ ಯಾರದು,
ಬೇಲಿ ಮುರಿದ ಟಗರಿಗೇನು ದಂಡ,
ಮುರಿದ ಹಲ್ಲಿಗೆ ಎಷ್ಟು ಗಜ ಕಂಬಳಿ.
ಪ್ರಾಸ ತಪ್ಪಿದರೆ ನ್ಯಾಯ ತಪ್ಪಿತು ಅನ್ನುತ್ತಿದ್ದ,
ಮತ್ತೆ ಮೊದಲಿನಿಂದ.
ಹಸುವಿಗೂ ಬಾಯಿಪಾಠವಾಗಿತ್ತು.

ಅದರಲ್ಲೊಂದು ಇದು:

    ಹೆಣ್ಣ ಹೆಸರಲಿ ಹಾಡ ಕಟ್ಟಿದ
    ಗಂಡು ಕಾಡಿನ ತೋಳದಂತೆಯೆ
    ಯಾರ ಬೆಂಕಿಯು ಅವನ ಕಾಯದು

ನಗಬೇಡ. ಈ ದ್ವೀಪದಲ್ಲಿ ತೋಳವಿಲ್ಲ,
ಕಾಡೆಂದರೆ ಮೊಣಕಾಲೆತ್ತರದ ಬರ್ಚ್ ಪೊದೆ.
ಕಾನೂನಿಗಾದರೆ ಉಪಮೆ ನಡೆಯುತ್ತದೆ.
ಮಾರ್‌ಗೆ ನಡೆಯಲಿಲ್ಲ.

ಮಾರ್. ಹೆಸರಿಗೆ ಕಡಲಹಕ್ಕಿ, ಕೆಲಸ ಉಣ್ಣೆ ಕೀಳುವುದು.
ನಾಲ್ಕು ಸಾಲು ಕಟ್ಟಿದ್ದ ನನ್ನ ಮೇಲೆ.
ಅಂಥದ್ದೇನೂ ಅಲ್ಲ, ಮೂರನೆಯದು ಕುಂಟುತ್ತಿತ್ತು:

    ತೊರೆಯ ದಂಡೆಯಲ್ಲಿ ಕೂತು ಕೂದಲು ತೊಳೆಯುತ್ತಾಳೆ

ಯಾರು ತೊಳೆಯುವುದಿಲ್ಲ?

ಅಣ್ಣ ಥೋರಾಲ್ಫ್ ದೂರು ಕೊಟ್ಟ.
ದೂರೆಂದ ಮೇಲೆ ಅಪರಾಧ ತೋರಿಸಬೇಕು;
ಕದ್ದ ಕುರಿಯಾದರೆ ಕಿವಿಯ ಗುರುತು, ಕೊಲೆಯಾದರೆ ಗಾಯ.
ಹಾಡಾದರೆ?
ಹಾಡೇ ಬೇಕು, ಪೂರ್ತಿ, ಹಿಂದಿನ ಸಾಲಿಗೂ ಕೇಳುವ ಹಾಗೆ.
ಉಸಿರು ಬಿಗಿಹಿಡಿದು ಕಿವಿಗೊಟ್ಟಿತು ಕೂಟವೆಲ್ಲ
ಯಾರೂ ಕೇಳಬಾರದೆಂದು ತಾನೇ ಕಟ್ಟು ಮಾಡಿದ್ದನ್ನು.

ಮೂರನೆಯ ಸಾಲಿಗೆ ಬಂದು ಅಣ್ಣ ನಾಚಿ ತೊದಲಿದ.
ಬಂಡೆಯ ಮೇಲಿನಿಂದ ಅಪ್ಪ ಬಾಯಿ ಹಾಕಿದ.
ಕುಂಟು ಸಾಲೆಂದರೆ ಅವನಿಗೆ ಕೆರದೊಳಗಿನ ಕಲ್ಲು,
ತಡೆಯಲಾಗಲಿಲ್ಲ:

    ಕೊರೆವ ತೊರೆಯಲಿ ಕುರುಳ ತೊಳೆವಳು

ಅಂದುಬಿಟ್ಟ.

ಮಾರ್ ತಲೆಯೆತ್ತಿ ನೋಡಿದ.
ಶಿಕ್ಷೆಗೆ ನಿಂತವನ ಮುಖದಲ್ಲಿ
'ಹೌದಲ್ಲ!' ಅನ್ನುವ ಬೆಳಕು.
ಆಮೇಲೆ ಅಪ್ಪ ಕಲಮು ಹೇಳಿದ, ಅದೇ ಲಯದಲ್ಲಿ.
ಬೇರೆ ಲಯ ಅವನಿಗೆ ಬರುತ್ತಿರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ.
ಕಲಮಿನಲ್ಲಿ ಅದಕ್ಕೆ ಜಾಗವಿಲ್ಲ.
ಹಾಡಿನಲ್ಲೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಎರಡನೆಯ ಹಿಮ ಕರಗಿದಾಗ ಸಿಕ್ಕಿದ,
ಲಾವಾ ಬಯಲಿನಲ್ಲಿ,
ಎರಡೂ ಕೈ ಉಣ್ಣೆಯ ಚೀಲದೊಳಗೆ.

ಆಡಿದರೆ ಹೋಯಿತು ಮಾತು, ಅನ್ನುತ್ತಾರೆ.
ಎಲ್ಲಿ ಹೋಯಿತು? ಕುರಿಮಂದೆ ಕೆಳಗಿಳಿಯುವ ಹೊತ್ತಿಗೆ
ನಾಲ್ಕು ಕಣಿವೆಯ ಹುಡುಗರ ಬಾಯಲ್ಲಿತ್ತು,
ಅಪ್ಪ ತಿದ್ದಿದ ಹಾಗೆಯೇ.
ಯಾರ ಮೇಲೆ ಹಾಕುವುದು ದಾವೆ?
ಅಲ್ಲಿಂದೀಚೆಗೆ ಈ ಕಲಮು ಬಂದಾಗಲೆಲ್ಲ
ಅಪ್ಪ ನಡುವೆ ಒಮ್ಮೆ ಕೆಮ್ಮುತ್ತಿದ್ದ.
ವಯಸ್ಸಾಯಿತು ಅಂದುಕೊಂಡರು ಜನ.

ಬೇಡ, ಹಾಡು ಬರೆಯಬೇಡ, ಅದು ನಿನ್ನ ಕೆಲಸವಲ್ಲ.
ಆದರೆ ನೋಡು, ಈ ಕರುದೊಗಲಲ್ಲೊಂದು ತೂತು,
ಬದುಕಿದ್ದಾಗ ನೊಣ ಕೊರೆದದ್ದೋ ಏನೋ,
ನೀನು ಬಳಸಿಕೊಂಡು ಬರೆಯುತ್ತಿದ್ದೀಯ.
'ಕಾಡಿನ' ಆದ ಮೇಲೆ, 'ತೋಳ'ಕ್ಕೆ ಮುಂಚೆ ಬರಲಿ ಅದು.
ಅಲ್ಲಿ ಕೆಮ್ಮುತ್ತಿದ್ದ.