ಹದಿನೆಂಟನೇ ಸ್ಲೈಡು

ಬಾಗಲಕೋಟೆ, ವಿದ್ಯಾಗಿರಿಯ ಕಾಲೇಜು ಸಭಾಂಗಣ.
ಊಟವಾದ ಮೇಲಿನ ಮೊದಲ ಭಾಷಣ ನನ್ನದು,
ಅಂದರೆ ಯಾರಿಗೂ ಬೇಡದ ಹೊತ್ತು.
ನಿರೂಪಣೆಯ ಹುಡುಗಿ ನೀಲಾಂಬಿಕಾ ಬಾದರದಿನ್ನಿಯನ್ನು
ನೀಲಾಂಬರಿ ಎಂದು ಓದಿದಳು.
ತಿದ್ದಲಿಲ್ಲ.
ಎಣ್ಣೆಗಾಯಿ ತಿಂದು ಕೂತವರಿಗೆ
ಜೋಗುಳದ ರಾಗವೇ ಸರಿ.

ಮೊದಲ ಸ್ಲೈಡುಗಳಲ್ಲಿ ನಮ್ಮ ಸಹಕಾರಿ ಬ್ಯಾಂಕು:
ನಲವತ್ತೊಂದು ಶಾಖೆ, ಮೇಜಿನ ಕೆಳಗೆ
ನಲವತ್ತೊಂದು ಊರಿನ ಧೂಳು.
ಒಂದರ ಹೊಟ್ಟೆಯಲ್ಲಿ ಹಲ್ಲಿಯ ಮೊಟ್ಟೆ,
ಒಂದರ ಹಣೆಗೆ ಆರು ಆಯುಧಪೂಜೆಯ ಕುಂಕುಮ.
ಈಗ ಅಂಗೈಯಗಲದ ಡಬ್ಬಿ, ಒಂದು ತೆರೆ, ಒಂದು ತಂತಿ.
'ಕಾಣೋದು ಇಲ್ಲೈತಿ, ಇರೋದು ಅಲ್ಲೈತಿ' ಎಂದೆ.
ಇಬ್ಬರು ಬರೆದುಕೊಂಡರು.

ಗುಳೇದಗುಡ್ಡದ ಖಣದ ತುಂಡೊಂದನ್ನು
ಚೀಲದಿಂದ ತೆಗೆದು ಹಿಡಿದೆ.
'ಹಾಸು ಒಂದೇ. ಅದು ನಾವು ಮಾಡಿಟ್ಟ ಮೂಲಪ್ರತಿ.
ಹೊಕ್ಕು ಅವರವರದು:
ಮ್ಯಾನೇಜರಿನ ಮಗಳ ಫೋಟೋ,
ಕ್ಯಾಷಿಯರಿನ ದೊಡ್ಡಕ್ಷರ,
ಸಂಜೆ ಕಿತ್ತು ಮತ್ತೆ ಮುಂಜಾನೆ ನೇಯ್ತೀವಿ.'
ಚಪ್ಪಾಳೆ ಬಂತು. ಬಟ್ಟೆಗೋ ಮಾತಿಗೋ ತಿಳಿಯಲಿಲ್ಲ.

ಹದಿನೆಂಟನೆಯದು ನನ್ನ ಹೆಮ್ಮೆಯ ಸ್ಲೈಡು:
'ವಲಸೆ: ಒಂದೂ ಕಡತ ಕಳೆಯದಂತೆ.'
ಗುಂಡಿ ಒತ್ತಿದೆ.
ಕರೆಂಟು ಹೋಯಿತು.

ಕತ್ತಲಲ್ಲಿ ಮೈಕಿಲ್ಲದ ನನ್ನ ದನಿ
ತೀರ ಸಣ್ಣದು, ಮನೆಯದು.
ಹಿಂದಿನ ಸಾಲಿನಿಂದ ಕೆಮ್ಮೊಂದು ಎದ್ದು ನಿಂತಿತು.
'ನಾ ಇಮಾಮಸಾಬ ಚಿತ್ತರಗಿ, ಬಾಯಾರ.
ಮೊಮ್ಮಗಳನ್ನ ಬಿಡಾಕ ಬಂದು ಕುಂತೀನಿ.
ಮುಳುಗಡಿ ಆಫೀಸಿನ್ಯಾಗ ಇದ್ದೆ.
ಹಳೇ ಊರಾಗ ಬಾಗಿಲ ಬಾಗಿಲಕ್ಕ
ಡಾಂಬರಿಲೆ ನಂಬರ ಬರದಾವ ನಾನ.
ನಾವೂ ಒಂದೂ ಕಡತ ಕಳೀಲಿಲ್ರಿ.
ನವನಗರಕ್ಕ ಎಲ್ಲಾ ಬಂತು, ಸೆಕ್ಟರು, ಪ್ಲಾಟು, ಪಟ್ಟಾ.
ಆದ್ರ ಯಾರ ಬಾಜೂ ಯಾರಿದ್ರು ಅನ್ನೂದು
ಯಾವ ಕಾಲಮಿನ್ಯಾಗೂ ಇರಲಿಲ್ಲ.
ಉಪ್ಪು ಕೇಳಾಕ ಹೋದ ಹೆಣಮಕ್ಕಳು
ಮೂರು ಸೆಕ್ಟರು ದಾಟಿ ಹೋಗೂ ಹಂಗಾತು.
ನಿಮ್ಮ ಮೋಡಕ್ಕ ಅದು ಗೊತ್ತೈತೇನ್ರಿ?'

ಪುಟ್ಟ ಉತ್ತರವಿತ್ತು ನನ್ನಲ್ಲಿ,
ಇಂಗ್ಲಿಷಿನದು, ಇಸ್ತ್ರಿ ಮಾಡಿದ್ದು.
ಅದರ ಬದಲು ಸ್ಲೈಡಿಗೆ ಸೇರಿಸದೆ ಬಿಟ್ಟದ್ದು ಬಾಯಿಗೆ ಬಂತು.
ವಲಸೆಯ ಮರುದಿನ ಬೀಳಗಿ ಶಾಖೆಯಲ್ಲಿ
ಪ್ರಿಂಟು ಒತ್ತಿದರೆ ಹಾಳೆ ಹೊರಬಿದ್ದದ್ದು ಹುನಗುಂದದಲ್ಲಿ.
ಯಂತ್ರಗಳೆಲ್ಲ ಸರಿಯಾಗಿ ಬಂದಿದ್ದವು.
ಯಾವುದರ ಮಗ್ಗುಲಲ್ಲಿ ಯಾವ ಪ್ರಿಂಟರು ಕೂರುತ್ತಿತ್ತೆಂದು
ಪಟ್ಟಿ ಮಾಡಿರಲಿಲ್ಲ ನಾನು.
ಇಡೀ ಒಂದು ಮುಂಜಾನೆ
ಬೀಳಗಿಯವರ ಉಳಿತಾಯ, ಬಡ್ಡಿ, ಬಾಕಿ
ಪರವೂರಿನಲ್ಲಿ ಕರ್‌ಕರ್ ಎನ್ನುತ್ತ ಬಂದಿತು.
'ಗೊತ್ತಿರಲಿಲ್ರಿ, ಕಾಕಾ' ಎಂದೆ.
ನಕ್ಕರು. ನಿದ್ದೆಯಲ್ಲಿದ್ದವರೂ ನಕ್ಕರು.

ಹುಡುಗನೊಬ್ಬ ಧೈರ್ಯ ಮಾಡಿದ:
'ಮೇಡಂ, ಮೋಡ ಖರೇ ಎಲ್ಲಿರತೈತಿ?'
ಕಿಟಕಿಯಿಲ್ಲದ ಕಟ್ಟಡದಲ್ಲಿ, ಎಂದೆ.
ಸಾವಿರ ಯಂತ್ರ, ಬಿಸಿಯಾಗುತ್ತವೆ,
ತಣಿಸಲು ಎಷ್ಟೋ ಕಡೆ ನೀರೇ ಬೇಕು.
ಇಮಾಮಸಾಬರು ಕುರ್ಚಿಗೆ ಒರಗಿದ ಸದ್ದು.
'ಅದಕೂ ನೀರು' ಎಂದರು,
ಯಾರಿಗೂ ಅಲ್ಲದಂತೆ.

ಕರೆಂಟು ಬಂತು. ತೆರೆಯ ತುಂಬ
ಎಲ್ಲಿಂದಲೋ ಇಳಿಸಿಕೊಂಡ ನೀಲಿ ಆಕಾಶ,
ಹತ್ತಿ ಅರಳಿದಂಥ ಮೋಡ.
ನನಗೇ ನಾಚಿಕೆಯಾಗಿ ಹತ್ತೊಂಬತ್ತಕ್ಕೆ ಜಿಗಿದೆ.

ರಾತ್ರಿ ಮನೆಯಲ್ಲಿ ಹಳೆಯ ಪಟ್ಟಿ ತೆರೆದು
ಯಂತ್ರಕ್ಕೂ ವಿಳಾಸಕ್ಕೂ ನಡುವೆ
ಹೊಸ ಕಾಲಂ ಕೂರಿಸಿದೆ: 'ಬಾಜೂದವರು.'
ಆಮೇಲೆ ಹೊತ್ತು ನೋಡದೆ
ಹುನಗುಂದದ ಗೌರಾಬಾಯಿಗೆ ಫೋನು ಹಚ್ಚಿದೆ:
'ಆವತ್ತು ತಪ್ಪಿ ಬಂದ ಹಾಳಿ ಏನು ಮಾಡಿದ್ರಿ?'

'ಕಪಾಟಿನ್ಯಾಗ ಅದಾವ್ರಿ.
ಮಂದಿ ರೊಕ್ಕದ್ದಲ್ಲೇನು,
ಹೆಂಗ ಒಗೀಲಿ?'