ತಟ್ಟೆಯ ಇನ್ನೊಂದು ಅಂಚು

ವೀಸಾ ಕಿಟಕಿಯ ಹುಡುಗ ಕೇಳಿದ್ದು ಒಂದೇ:
ಮರಳಿ ಬರುತ್ತೀರಿ ಅನ್ನುವುದಕ್ಕೆ ಏನು ಪುರಾವೆ?
ನನ್ನ ಬಳಿ ದಾರ್ಖಾನಿನ ಶಾಖ ಸ್ಥಾವರದ
ಹನ್ನೊಂದು ವರ್ಷದ ಸಂಬಳದ ಚೀಟಿಗಳಿದ್ದವು.
ಅಮ್ಮನ ಬಳಿ ಒಂಬತ್ತು ಮೇಕೆ, ಒಂದು ಮೊಣಕಾಲು ನೋವು.
ಮೇಕೆಗಳಿಗೆ ರಸೀದಿ ಇರಲಿಲ್ಲ.

ಹಾಗಾಗಿ ತಮ್ಮನ ಮದುವೆಗೆ ಹೊರಟವಳು ನಾನೊಬ್ಬಳೇ.

ಬೆಳಗಿನ ಜಾವ ಅಮ್ಮ ಸೌಟು ಹಿಡಿದು
ನಾನು ಹೋಗುವ ದಿಕ್ಕಿಗೆ ಹಾಲು ಚಿಮುಕಿಸಿದಳು.
ವಿಮಾನ ನಿಲ್ದಾಣ ದಕ್ಷಿಣಕ್ಕೆ, ಪೋಲೆಂಡ್ ಪಶ್ಚಿಮಕ್ಕೆ;
ಕೊಂಚ ಯೋಚಿಸಿ, ಎರಡೂ ಕಡೆಗೆ ಚಿಮುಕಿಸಿ
ಉಳಿದದ್ದನ್ನು ಟ್ಯಾಕ್ಸಿಯ ಚಕ್ರಕ್ಕೆ ಸುರಿದಳು.
ಡ್ರೈವರ್ ಒರೆಸಲಿಲ್ಲ.

ಇಸ್ತಾಂಬುಲಿನಲ್ಲಿ ಒಂಬತ್ತು ತಾಸು.
ಚೀಲದ ತಳದ ಒಣಮೊಸರಿನ ಗಟ್ಟಿಗಳನ್ನು
ಕೈಗವಸಿನವನೊಬ್ಬ ಒಂದೊಂದೇ ಬೆಳಕಿಗೆ ಹಿಡಿದ.
ತಿನ್ನುವುದು, ಅಂತ ತೋರಿಸಲು
ಒಂದನ್ನು ಬಾಯಿಗಿಟ್ಟುಕೊಂಡೆ.
ಅದು ಕರಗಲು ಅರ್ಧ ತಾಸು ಬೇಕು.
ಆಮೇಲಿನ ಪ್ರಶ್ನೆಗಳಿಗೆಲ್ಲ
ಕೆನ್ನೆ ಉಬ್ಬಿಸಿಕೊಂಡೇ ಉತ್ತರ ಕೊಟ್ಟೆ.

ತೊರುನ್ ಸ್ಟೇಷನ್ನಿನಲ್ಲಿ ತುವ್ಶಿನ್ ನಿಂತಿದ್ದ.
ಐದು ವರ್ಷ. ಗಡ್ಡ ಬಂದಿದೆ, ಅಪ್ಪನಿಗೆ ಎಂದೂ ಬಾರದ ಗಡ್ಡ.
ದೊಡ್ಡವಳು ನಾನು, ಅವನ ನೆತ್ತಿ ಮೂಸಬೇಕು;
ನಿಲುಕಲಿಲ್ಲ. ಅವನೇ ಬಗ್ಗಿದ.
ಬೇರೆ ಯಾವುದೋ ಸೋಪು.

ಔತಣದ ಮನೆಯ ಬಾಗಿಲಲ್ಲಿ
ಯಾಗ್ನಳ ತಾಯಿ ಹಲಿನಾ ತಟ್ಟೆ ಹಿಡಿದು ನಿಂತಿದ್ದಳು:
ದುಂಡು ಬ್ರೆಡ್ಡು, ಚಿಟಿಕೆ ಉಪ್ಪು, ಎರಡು ಪುಟ್ಟ ಗ್ಲಾಸು.
ಹುಡುಗನ ತಾಯಿ ಹಿಡಿಯಬೇಕಾದ ಅಂಚು ಖಾಲಿ.
ಕ್ಯಾಮೆರಾದವನು ಆ ಜಾಗವನ್ನೇ ನೋಡುತ್ತಿದ್ದ.
ನನಗೆ ಯಾರೂ ಮೊದಲೇ ಹೇಳಿರಲಿಲ್ಲ.
ಹಲಿನಾ ಗದ್ದ ಎತ್ತಿದಳು: ಬಾ.
ನೀಲಿ ರೇಷ್ಮೆಯ ವಸ್ತ್ರವನ್ನು ಅಂಗೈಗಳ ಮೇಲೆ ಹರಡಿಕೊಂಡಿದ್ದೆ,
ಅದರ ಮೇಲೆಯೇ ತಟ್ಟೆಯನ್ನು ತೆಗೆದುಕೊಂಡೆ.
ಜಾರಿತು. ಇಬ್ಬರೂ ಒಟ್ಟಿಗೇ ಬಿಗಿಹಿಡಿದೆವು.
ನನಗೆ ಮೂವತ್ತಾರು.
ಆ ಎರಡು ನಿಮಿಷ, ಅರವತ್ತೊಂಬತ್ತು.

ಊಟದ ನಡುವೆ ಯಾರೋ ಮೇಜು ಗುದ್ದಿ ಕೂಗಿದರು: ಗೋಷ್ಕೊ!
ನೂರಿಪ್ಪತ್ತು ಜನ ಎದ್ದು ನಿಂತರು: ಗೋಷ್ಕೊ! ಗೋಷ್ಕೊ!
ಫೋನಿಗೆ ಕೇಳಿಸಿದೆ.
ಫೋನು ಹೇಳಿತು: ಕಹಿ.

ನನ್ನ ಒಣಮೊಸರು!
ಬಟ್ಟಲು ಬಟ್ಟಲಾಗಿ ಮೇಜು ಮೇಜಿಗೆ ನಾನೇ ಇಟ್ಟು ಬಂದಿದ್ದೆ.
ಮುಖ ಕಾದುಹೋಯಿತು.
ಹುಳಿ ಅದು, ಕಹಿ ಅಲ್ಲ,
ಅಂತ ಯಾವ ಭಾಷೆಯಲ್ಲಿ ಹೇಳಲಿ?
ಮೂರು ಬಟ್ಟಲು ಎತ್ತಿ ಮಡಿಲಿಗೆ ಸುರಿದುಕೊಂಡು
ನಾಲ್ಕನೆಯದಕ್ಕೆ ಕೈಹಾಕುವಾಗ
ತುವ್ಶಿನ್ ಎಲ್ಲರೆದುರು ಅವಳಿಗೆ ಮುತ್ತಿಟ್ಟ.
ಜನ ಹೋ ಎಂದು, ಚಪ್ಪಾಳೆ ತಟ್ಟಿ, ಕೂತರು.
ನಿಂತಿದ್ದವಳು ನಾನೊಬ್ಬಳೇ.

ಹಲಿನಾ ನಕ್ಕು ನಕ್ಕು ಕಣ್ಣೊರೆಸಿಕೊಂಡು
ಫೋನಿಗೆ ಹೇಳಿದಳು, ಫೋನು ನನಗೆ ಹೇಳಿತು:
ವೋಡ್ಕಾ ಕಹಿ. ಅವರು ಮುತ್ತಿಟ್ಟರೆ ಸಿಹಿಯಾಗುತ್ತದೆ.
ಆಮೇಲೆ ನನ್ನ ಮಡಿಲಿನಿಂದ ಒಂದು ಗಟ್ಟಿ ಆರಿಸಿ
ಬಾಯಿಗೆ ಹಾಕಿಕೊಂಡಳು.
ಎರಡು ಹಾಡು ಮುಗಿಯುವ ತನಕ
ಬೀಗಿತ್ತಿ ಮಾತಾಡಲಿಲ್ಲ.

ಆ ಬ್ರೆಡ್ಡಿನ ಒಂದು ತುಂಡನ್ನು ಅಮ್ಮನಿಗೆಂದು
ಕಾಗದದಲ್ಲಿ ಸುತ್ತಿ ತಂದೆ.
ಮನೆ ಮುಟ್ಟುವ ಹೊತ್ತಿಗೆ ಕಲ್ಲು.
ಅಮ್ಮ ಏನೂ ಅನ್ನದೆ ಚಹಾದಲ್ಲಿ ಅದ್ದಿದಳು,
ಚೀಪಿದಳು, ಮತ್ತೆ ಅದ್ದಿದಳು.
ಉಪ್ಪು ಹದವಾಗಿ ಹಾಕಿದ್ದಾರೆ, ಅಂದಳು, ಒಳ್ಳೆಯ ಜನ.
ಉಪ್ಪು ಅವಳ ಚಹಾದ್ದೇ.

ವಿಡಿಯೋದಲ್ಲಿ ಬಾಗಿಲ ದೃಶ್ಯ ಬಂದಾಗ
ಒದ್ದೆ ಬೆರಳಿನಿಂದಲೇ ನಿಲ್ಲಿಸಿದಳು.
ಮಗನ ಮುಖವನ್ನಲ್ಲ, ಸೊಸೆಯದನ್ನೂ ಅಲ್ಲ,
ನನ್ನ ಕೈಗಳನ್ನು ಹಿಗ್ಗಿಸಿ ನೋಡಿದಳು.
ಭಾರ ಇತ್ತಾ, ಅಂತ ಕೇಳಿದಳು.
ಅರ್ಧ ತಾನೇ ನಾನು ಹಿಡಿದದ್ದು, ಅಂದೆ.