ತುರುಬಿನಳತಿ

ಮೊದಲನೇ ದಿನಾನ ಗೊತ್ತಾತು,
ಈ ವ್ಯಾನಿನ ಸೀಟಿನಾಗ ಇನ್ನೂ ಯಾರೋ ಕುಂತಾರ.
ತೆಗ್ಗು ಬಿದ್ದ ಸ್ಪಂಜಿನಾಗ ಅವನ ಕುಂಡಿ,
ತಲಿದಿಂಬಿನ ಮ್ಯಾಲ ಅವನ ಬದಾಮ ಎಣ್ಣಿ,
ಬಿಸಲಿಗೆ ಕಾದರ ಇನ್ನೂ ವಾಸನಿ ಬರತೈತಿ.
ಮಾರಿದಾಂವ ಕಾಗದಾ ಕೊಟ್ಟ, ಕೀಲಿ ಕೊಟ್ಟ,
ತನ್ನ ಮೈ ಒಯ್ಯೂದು ಮಾತ್ರ ಮರತ.

ನಸಿಕಿನ ಮೂರಕ್ಕ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್.
ಸೇವಂತಿಗಿ ಆರು ಗ್ವಾಣಿ, ಝೆಂಡು ನಾಕು,
ನಿಶಿಗಂಧ ಒದ್ದಿ ಅರಿವ್ಯಾಗ ಸುತ್ತಿ
ಹೇರಕೊಂಡು ಸ್ವಾರಗೇಟ್, ಧನಕವಡಿ, ಕಾತ್ರಜ,
ಹದಿನೇಳು ಅಂಗಡಿ.
ಪ್ರತಿ ಅಂಗಡಿಗೂ ಇಳಿ, ಏರು, ಬಾಗಲಾ ಹಾಕು,
ಕುತ್ತಿಗಿ ಹಿಂದ ಮತ್ತ ಆ ದಿಂಬು.
ದಿಂಬು ಅನಬಾರದು ಅದಕ್ಕ.
ಮದಿವ್ಯಾಗ ಹಿರೇರ ಮುಂದ ನಿಂದರಿಸಿ
ಹಿಂಗತ್ತಿನ ಮ್ಯಾಲ ಕೈ ಇಟ್ಟು ಬಗ್ಗಸ್ತಾರಲ್ಲ,
"ಬೀಳವಾ, ಕಾಲಿಗೆ ಬೀಳು" ಅಂತ,
ಆ ಕೈ ಅದು.
ಅತ್ತಿ ಸತ್ತು ಒಂಬತ್ತು ವರ್ಷ,
ಕೈ ಬಿಟ್ಟಿಲ್ಲ.
ಹದಿನೇಳು ಅಂಗಡಿಗೂ ತಲಿ ತಗ್ಗಿಸಿಕೊಂಡ ಹೋದೆ,
ತಪ್ಪ ಮಾಡಿದಾಕಿ ಹಂಗ.

ತುರುಬು ಬಿಚ್ಚಿ ಜಡಿ ಹಾಕಿದೆ.
ಜಡಿ ಬೆನ್ನಿಗೆ ಹಗ್ಗಾ ಆಗಿ ಒತ್ತಿತು.
ಮುಂದ ಹಾಕ್ಕೊಂಡರ ಸ್ಟೇರಿಂಗಿಗೆ ಸುತ್ತತೈತಿ.
"ಹೂವಿನಾಕಿ ತಲ್ಯಾಗ ಹೂವಿಲ್ಲೇನು?"
ಬಿಬವೇವಾಡಿ ಅಂಗಡಿ ಕುಸುಮಬಾಯಿ ಕೇಳಿದಳು.
ನಾ ಅಂದೆ, ಗಾಡಿ ಒಲ್ಲೆ ಅಂತೈತಿ.

ಒಂದ ಮಂಗಳವಾರ ಕಿತ್ತೇ ಬಿಟ್ಟೆ.
ಎರಡು ಉಕ್ಕಿನ ಕಾಲು, ಮ್ಯಾಲ ಮಾರಿ ಇಲ್ಲದ ತಲಿ.
ಬಾಜೂ ಸೀಟಿನಾಗ ಇಟ್ಟೆ, ಸುಮ್ಮನ ಜೋಡಿ ಬಂತು.
ಆ ವಾರ ಸ್ವರ್ಗ.
ತಲಿ ನೆಟ್ಟಗ, ತುರುಬಿಗೆ ಒಂದು ಸುತ್ತು ಅಬ್ಬಲಿಗಿ,
ಕನ್ನಡಿಯಾಗ ಹಿಂದಿನ ರಸ್ತಾ ಪೂರ್ತಿ.
ಐದನೇ ದಿನಾ ನವಲೆ ಪುಲ್ಲಿನ ಇಳಕಲಿನ್ಯಾಗ
ಆ ಕನ್ನಡಿ ತುಂಬ ನೀರಿನ ಟ್ಯಾಂಕರ್.
ಬ್ರೇಕ್ ಕಿರಚಿ ಕಿರಚಿ
ಒಂದ ಗೇಣಿಗೆ ನಿಂತಿತು.
ಮುಟ್ಟಲಿಲ್ಲ. ಮುಟ್ಟಲಿಲ್ಲ ಖರೆ,
ನನ್ನ ಕೈ ತಾನ ಹಿಂದ ಹೋಗಿ
ಏನೂ ಇಲ್ಲದ ಜಾಗಾ ತಡಕಾಡಿತು.

ನಾನಾ ಪೇಠಿನ ಗಲ್ಲಿಯಾಗ ದಿಗಂಬರ ಪೋಕಳೆ,
ಸೀಟ್ ಹೊಲಿಯಾಂವ, ಬಾಯಾಗ ಯಾವಾಗಲೂ ಎರಡು ಮೊಳಿ.
ಮೊಳಿ ತಗೀದನ ಮರಾಠಿಯಾಗ ಬೈದ:
ಇದು ಮಲಗಾಕಲ್ಲ, ಮಾವಶಿ,
ಹಿಂದಿಂದ ಗುದ್ದಿದರ ಕುತ್ತಿಗಿ
ಬೆಂಡಿಕಾಯಿ ಹಂಗ ಲಟ್ ಅನಬಾರದಂತ.
ಆಮ್ಯಾಲ ನನ್ನ ಕುಂಡ್ರಿಸಿ ನೋಡಿದ.
ಬೆನ್ನು ಎರಡು ಹಲ್ಲು ಹಿಂದ ಸರಿಸಿದ,
ಕಾಲು ಕ್ಲಚ್ಚಿಗೆ ನಿಲಕಲಿಲ್ಲ.
ಸೀಟು ಮುಂದ ಜಗ್ಗಿದ, ಟೊಂಕಕ್ಕ ಟಾವೆಲ್ ಮಡಚಿ ಇಟ್ಟ.
"ರೊಟ್ಟಿ ಬಡಿಯೂ ಹಂಗ ಕುಂಡರತಿ ನೀ."
ಬಡೀತೇನಿ ಮತ್ತ, ನಲವತ್ತು ವರ್ಷಾತು.
ಅಂವ ನಕ್ಕ. ಮೊಳಿ ಬಿತ್ತು.

ಟೇಪ ತಂದ.
ಜಂಪರಿಗೆ ಅಳತಿ ಕೊಟ್ಟೇನಿ, ಉಂಗುರಕ್ಕ, ಚಪ್ಪಲಿಗೆ.
ತುರುಬಿಗೆ ಇದ ಮೊದಲು.
ಮೂರೂವರಿ ಇಂಚು ಅಡ್ಡ, ಎರಡು ಒಳಗ.
"ಹೂವು ಹಾಕತೀಯೇನು?" ಮಾರಿ ನೋಡದ ಕೇಳಿದ.
ಹಾಕತೇನಿ.
ಅರ್ಧ ಇಂಚು ಹೆಚ್ಚಿಗಿ ಬರಕೊಂಡ.
ಒಳಗಿನ ಸಳಿ ಮುಟ್ಟಲಿಲ್ಲ, ಸ್ಪಂಜು ಅಷ್ಟ ಕೊರದ,
ಎಣ್ಣಿ ಕುಡದ ಹಳದಿ ಸ್ಪಂಜು,
ನೆಲಕ್ಕ ಬಿದ್ದು ಉರುಳಿ
ಬೆಕ್ಕು ಮೂಸಿ ನೋಡಿ ಬಿಟ್ಟು ಹೋತು.
ಮ್ಯಾಲ ಹೊಸಾ ಕವರು, ಬದನಿಕಾಯಿ ಬಣ್ಣ.
ಆರುನೂರಾ ಐವತ್ತು ರೂಪಾಯಿ. ಐವತ್ತು ಬಿಡಲಿಲ್ಲ.

ನಿನ್ನಿ ಮೈದುನ ಸಿದ್ರಾಮ ಬಂದಿದ್ದ,
ಒಂದ ರೌಂಡ್ ಹೊಡಕೊಂಡ ಬರತೇನಿ ಅಂತ ಏರಿ ಕುಂತ.
ಮಣಕಾಲು ಸ್ಟೇರಿಂಗಿಗೆ ಬಡೀತು,
ಟಾವೆಲ್ ಚುಚ್ಚಿತು,
ತಲಿ ಹಿಂದ ಇಟ್ಟ, ತೆಗ್ಗಿನಾಗ ಹೋತು.
ಎತ್ತಿದ, ಮತ್ತ ಇಟ್ಟ.
"ವೈನೀ, ಇದರ ಸೀಟು ಕೆಟ್ಟೈತಿ ನೋಡು."

ನಾ ಕೆಳಗ ನಿಂತು ಗ್ವಾಣಿ ಎಣಸಾಕತ್ತಿದ್ದೆ.
ಹೌದಪಾ, ಕೆಟ್ಟೈತಿ, ಅಂದೆ.
ಇಳಿ.